ಕತ್ತರಿಸಿದಷ್ಟೂ ಬೆಳೆದ ಹುಣ್ಣು

ಹುಣ್ಣು ಕೊಳೆತರೆ ನಾರಬೇಕು. ನನ್ನ ನೆಗೆಣ್ಣಿಯ ಕಾಲಿನ ಹುಣ್ಣು ನಾರುತ್ತಿರಲಿಲ್ಲ. ಅಂಗೈಯಷ್ಟಗಲ ಮಾಂಸ ಕರಗಿ ಹೋಗಿದ್ದರೂ, ಪಟ್ಟಿ ಬಿಚ್ಚಿದಾಗ ಔಷಧದ ವಾಸನೆ ಬಿಟ್ಟರೆ ಬೇರೇನೂ ಮೂಗಿಗೆ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ನಾನು ಹೆದರಿದ್ದು ಅದಕ್ಕೇ.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ಪುಣೆಯ ನಾರಾಯಣ ಪೇಠೆಯಲ್ಲಿ, ಹತ್ತಾರು ಸಂಸಾರಗಳಿದ್ದ ಒಂದು ವಾಡೆಯ ಹಿಂಭಾಗದಲ್ಲಿ ನಮ್ಮ ಬಿಡಾರ. ಮಾವನವರು ಸರಕಾರಿ ನೌಕರಿಗೆಂದು ಧಾರವಾಡ ಬಿಟ್ಟು ಬಂದವರು. ಇಬ್ಬರು ಗಂಡುಮಕ್ಕಳೂ ಅದೇ ಹಾದಿ ಹಿಡಿದಿದ್ದರು. ನಾನು ಹಿರಿಯ ಸೊಸೆ. ನೆಗೆಣ್ಣಿ ಮೈದುನನ ಹೆಂಡತಿ, ನನಗಿಂತ ಸಾಕಷ್ಟು ಚಿಕ್ಕವಳು, ಧಾರವಾಡದ ಕಡೆಯವಳೇ. ಹೊರಗೆ ಮರಾಠಿ, ಒಳಗೆ ಕನ್ನಡ, ಅತ್ತೆಯ ಮುಂದೆ ಮೌನ. ಈ ಮೂರು ಭಾಷೆಗಳೂ ನಮ್ಮಿಬ್ಬರಿಗೆ ಚೆನ್ನಾಗಿ ಬರುತ್ತಿದ್ದವು.

ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಅವಳ ಕಣಕಾಲು ಕಲ್ಲಿಗೆ ಬಡಿಯಿತು. ರಕ್ತ ಕೂಡ ಬರಲಿಲ್ಲ. ಮರುದಿನ ಅಲ್ಲೊಂದು ಗುಳ್ಳೆ ಎದ್ದಿತು, ಅದು ಒಡೆಯಿತು, ಒಡೆದದ್ದು ಅಗಲವಾಯಿತು. ಅಂಚು ಮಾತ್ರ ನೇರಳೆ ಹಣ್ಣಿನ ಬಣ್ಣ. ಆ ಅಂಚಿನ ಕೆಳಗೆ ಚರ್ಮ ಪೊಳ್ಳಾಗಿತ್ತು, ಒಳಗಿನಿಂದ ಯಾರೋ ಕೆರೆದು ತೆಗೆದ ಹಾಗೆ. ಅರಿಸಿನ, ಬೇವು, ಗೋಧಿ ಹಿಟ್ಟಿನ ಬಿಸಿ ಪಟ್ಟು ಎಲ್ಲ ಆದಮೇಲೆ ಆಸ್ಪತ್ರೆಗೆ ಒಯ್ದೆವು. ಡಾಕ್ಟರರು ಕೆಟ್ಟ ಮಾಂಸವನ್ನೆಲ್ಲ ಕತ್ತರಿಸಿ ತೆಗೆದು ಕೀವು ತಡೆಯುವ ಸಲ್ಫಾ ಪುಡಿ ಉದುರಿಸಿ ಕಟ್ಟಿದರು. ಬಿಚ್ಚಿ ನೋಡಿದರೆ ಹುಣ್ಣು ಕತ್ತರಿಸಿದ ಗೆರೆಯನ್ನು ದಾಟಿ ಹೋಗಿತ್ತು. ಮತ್ತೆ ಕತ್ತರಿಸಿದರು. ಮತ್ತೆ ದಾಟಿತು. ಕತ್ತಿಯ ದಾರಿ ಕಾಯುತ್ತ ಕೂತಿದೆಯೇನೋ ಅನ್ನಿಸುತ್ತಿತ್ತು ನನಗೆ.

ಅತ್ತೆಗೆ ಆಗಲೇ ಉತ್ತರ ಸಿಕ್ಕಿತ್ತು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದರು. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಜಂಬ ಕೊಚ್ಚಿಕೊಂಡವಳು. ಆದರೂ ಮಧ್ಯಾಹ್ನ ವಾಡೆಯೆಲ್ಲ ಮಲಗಿದಾಗ ಒಬ್ಬಳೇ ಆ ಕಲ್ಲಿನ ಹತ್ತಿರ ಹೋಗುವುದನ್ನು ಬಿಟ್ಟೆ. ಬಟ್ಟೆಗಳು ಸಂಜೆಯವರೆಗೆ ಬಕೆಟ್ಟಿನಲ್ಲೇ ನೆನೆಯುತ್ತಿದ್ದವು.

ನೆಗೆಣ್ಣಿಯ ಬಗ್ಗೆ ನನಗೊಬ್ಬಳಿಗೇ ಗೊತ್ತಿದ್ದ ಸಂಗತಿಯೊಂದಿತ್ತು. ತಿಂಗಳಿಗೆ ಎರಡೆರಡು ಸಲ ಕಾಗೆ ಮುಟ್ಟಿತೆಂದು, ಅಂದರೆ ಮುಟ್ಟಾದೆನೆಂದು ಹೇಳಿ ಅವಳು ಹೊರಗೆ ಕೂಡುತ್ತಿದ್ದಳು. ಹಿತ್ತಲ ಕೋಣೆ, ಬೇರೆ ತಾಟು, ಬೇರೆ ಚಾಪೆ. ಆ ದಿನಗಳಲ್ಲಿ ಯಾರೂ ಅವಳ ಹತ್ತಿರ ಸುಳಿಯುವಂತಿರಲಿಲ್ಲ. ಅತ್ತೆ ಗೊಣಗುತ್ತಿದ್ದರು, ಅಷ್ಟೇ. ಒಮ್ಮೆ ಊಟ ಇಟ್ಟು ಬರಲು ಹೋದಾಗ ಅವಳು ಪಾಯಖಾನೆಯ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಬೆವರುತ್ತ ನಿಂತಿದ್ದಳು. ರಕ್ತ ಹೋಗುತ್ತಿದ್ದುದು ನಿಜ. ಆದರೆ ಅದು ತಿಂಗಳ ರಕ್ತವಲ್ಲ, ಮಲದ ಜೊತೆ ಬೀಳುವ ರಕ್ತ. ಮದುವೆಗೆ ಮುಂಚಿನಿಂದಲೂ ಇತ್ತಂತೆ, ಬಂದು ಬಂದು ಹೋಗುತ್ತಿತ್ತಂತೆ. ಎಷ್ಟು ಸಲ ಎದ್ದು ಹೋದರೂ ಯಾರೂ ನೋಡದ ಜಾಗ ನಮ್ಮ ಮನೆಯಲ್ಲಿ ಆ ಹಿತ್ತಲ ಕೋಣೆಯೊಂದೇ ಆಗಿತ್ತು.

"ಅಕ್ಕಾ, ಯಾರ ಮುಂದನೂ ಹೇಳಬ್ಯಾಡ್ರಿ," ಅಂದಳು. "ರೋಗದ ಹುಡುಗೀನ ಗಂಟು ಹಾಕಿದ್ರು ಅಂತ ನಮ್ಮಪ್ಪನ ಮರ್ಯಾದಿ ತೆಗಿತಾರ. ನನ್ನ ತವರಿಗೆ ಅಟ್ಟಿ ಇನ್ನೊಂದು ಲಗ್ನ ಮಾಡ್ತಾರ. ನನ್ನಾಣಿ ಅದ ನಿಮಗ."

ಆಣೆ ಹಾಕದಿದ್ದರೂ ನಾನು ಹೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರರು ಹೊಟ್ಟೆ ಸರಿಯಾಗಿದೆಯೇ ಎಂದು ಕೇಳಿದ್ದರು. ಸೊಸೆಯ ಪರವಾಗಿ ಉತ್ತರ ಕೊಟ್ಟವರು ಅತ್ತೆ. ಎಲ್ಲ ಸರಿಯಾಗಿದೆ ಎಂದರು, ಪಾಪ, ಅವರಿಗೆ ತಿಳಿದಿದ್ದೂ ಅಷ್ಟೇ.

ಆಸ್ಪತ್ರೆಯಲ್ಲಿ ಅವಳ ಪಕ್ಕದ ಮಂಚಕ್ಕೆ ಒಬ್ಬ ಒಕ್ಕಲಗಿತ್ತಿಯನ್ನು ತಂದು ಮಲಗಿಸಿದರು. ಕಾಲಿಗೆ ಮುಳ್ಳು ಚುಚ್ಚಿತ್ತಂತೆ. ಬೆಳಿಗ್ಗೆ ಪಾದದಲ್ಲಿದ್ದ ಬಾವು ಮಧ್ಯಾಹ್ನಕ್ಕೆ ತೊಡೆ ಮುಟ್ಟಿತ್ತು. ಚರ್ಮ ಒತ್ತಿದರೆ ಒಳಗೆ ಹಪ್ಪಳ ಮುರಿದಂಥ ಸದ್ದು. ವಾಸನೆಗೆ ನಾವು ಸೆರಗಿನಿಂದ ಮೂಗು ಮುಚ್ಚಿಕೊಂಡೆವು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು, ಯಾರ ಯಾರನ್ನೋ ಕರೆಯುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಂಚ ಖಾಲಿಯಾಗಿತ್ತು. ಕತ್ತರಿಸಲು ತಡವಾಯಿತು ಎಂದು ಡಾಕ್ಟರರು ಬಹಳ ನೊಂದುಕೊಂಡರು. ನೊಂದ ಕಣ್ಣಿನಲ್ಲೇ ನಮ್ಮವಳ ಕಾಲನ್ನೂ ನೋಡಿ, ಇದಕ್ಕೂ ತಡ ಮಾಡುವುದು ಬೇಡ, ನಾಳೆ ಬೆಳಿಗ್ಗೆ ಮೊಣಕಾಲ ಮೇಲೆ ತೆಗೆದುಬಿಡೋಣ ಎಂದರು. ಮೈದುನ ಆಗಲೆಂದು ತಲೆ ಅಲ್ಲಾಡಿಸಿದ. ಡಾಕ್ಟರರನ್ನು ನಾನು ದೂರುವುದಿಲ್ಲ, ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಅವಳ ತಲೆ ಬಾಚಲು ಕೂತೆ. ಹೆರಳು ಹಾಕುವಾಗ ಅವಳ ಕೈ ನನ್ನ ತೊಡೆಯ ಮೇಲೆ ಬಿತ್ತು. ಎರಡನೆಯ ಸಲ ಕತ್ತರಿಸುವ ಮುಂಚೆ ನರ್ಸು ಅವಳ ಗಾಜಿನ ಬಳೆಗಳನ್ನು ಒಡೆದು ತೆಗೆದಿದ್ದಳು. ಒಂದು ಚೂರು ಮಣಿಕಟ್ಟನ್ನು ಗೀರಿತ್ತು. ಆ ಗೀರು ಈಗ ಬಾಯಿ ತೆರೆದಿತ್ತು. ಸುತ್ತ ಅದೇ ನೇರಳೆ ಅಂಚು. ರವಿಕೆಯ ತೋಳು ಮೇಲೆ ಸರಿಸಿ ನೋಡಿದೆ. ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ಇನ್ನೊಂದು, ಸಣ್ಣದು, ಈಗಷ್ಟೇ ಕಣ್ಣು ಬಿಡುತ್ತಿದ್ದುದು. ಲೋಹವೋ ಗಾಜೋ, ಏನು ತಾಗಿದರೂ ಅವಳ ಮೈ ಅಲ್ಲಿ ತೆರೆದುಕೊಳ್ಳುತ್ತಿತ್ತು. ಕಾಲು ತೆಗೆದರೆ ತೊಡೆ ತೆರೆಯುತ್ತದೆ, ತೊಡೆ ತೆಗೆದರೆ ಇನ್ನೆಲ್ಲಿ?

ಆಣೆ ಗೀಣೆ ಎಲ್ಲ ಮರೆತು ಎದ್ದು ಡಾಕ್ಟರರ ಹತ್ತಿರ ಹೋದೆ. ಪರಗಂಡಸಿನ ಮುಂದೆ, ಮರಾಠಿಯಲ್ಲಿ, ಮಲ, ರಕ್ತ, ಹೊರಗೆ ಕೂಡುವ ಸುಳ್ಳು, ಬಳೆಯ ಗೀರು ಎಲ್ಲವನ್ನೂ ಹೇಳಿಬಿಟ್ಟೆ. ಡಾಕ್ಟರರು ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. ಬಂದು ಮಣಿಕಟ್ಟು ನೋಡಿದರು, ತೋಳು ನೋಡಿದರು, ಹುಣ್ಣಿನ ಸುತ್ತ ಮೆಲ್ಲಗೆ ಒತ್ತಿದರು. ಹಪ್ಪಳದ ಸದ್ದಿಲ್ಲ. ಜ್ವರ ಹೆಚ್ಚಿಲ್ಲ. ಕೀವು ಪರೀಕ್ಷೆ ಮಾಡಿಸಿದಾಗಲೂ ಕ್ರಿಮಿ ಸಿಕ್ಕಿರಲಿಲ್ಲ, ಸಲ್ಫಾ ಹತ್ತಿರಲಿಲ್ಲ. ಅದು ಅವರನ್ನೂ ಕಾಡುತ್ತಿತ್ತಂತೆ. ಕಾಲಿನ ಮಾಂಸದಲ್ಲಿ ಹರಡುವ ಕೊಳೆತ, ಬಳೆಯ ಗೀರು ಎಲ್ಲಿದೆ ಎಂದು ಹುಡುಕಿಕೊಂಡು ಕೈಗೆ ಹಾರುವುದಿಲ್ಲ ಎಂದರು. ಕರುಳು ಕೆಟ್ಟವರಿಗೆ ಇಂಥ ಹುಣ್ಣಾಗುವುದನ್ನು ಎಲ್ಲೋ ಓದಿದ್ದರು, ಕಂಡಿರಲಿಲ್ಲ. ಇದು ಹೊರಗಿನಿಂದ ಬಂದದ್ದಲ್ಲ, ಮೈ ತನ್ನ ಮೇಲೆ ತಾನೇ ಸಿಟ್ಟಾಗಿದೆ, ನನ್ನ ಕತ್ತಿ ಅದಕ್ಕೆ ಉಣ್ಣಿಸುತ್ತಿತ್ತು ಎಂದು ಮೆಲ್ಲಗೆ ಹೇಳಿದರು. ಆದರೂ ಧೈರ್ಯ ಕೊಡಲಿಲ್ಲ. ಜ್ವರ ಏರಿದರೆ, ಬಾವು ಹತ್ತಿದರೆ ಆ ಕ್ಷಣವೇ ಕಾಲು ತೆಗೆಯುತ್ತೇನೆ ಎಂದರು.

ನಾವು ಆ ಹುಣ್ಣನ್ನು ನೋಡುತ್ತ ಕೂತೆವು. ಪಟ್ಟಿ ತೆಗೆದಾಗಲೆಲ್ಲ ಅದೂ ನಮ್ಮನ್ನು ನೋಡುತ್ತಿದೆ ಅನ್ನಿಸುತ್ತಿತ್ತು. ಉಪ್ಪುನೀರಿನಿಂದ ತೊಳೆಯುವುದು, ಮೆತ್ತಗೆ ಕಟ್ಟುವುದು, ಗಂಜಿ, ಮಜ್ಜಿಗೆ, ಪೂರ್ತಿ ವಿಶ್ರಾಂತಿ. ಚುಚ್ಚುವುದು, ಕೆರೆಯುವುದು ಯಾವುದೂ ಇಲ್ಲ. ಹೊಟ್ಟೆ ತಣ್ಣಗಾಗುತ್ತ ಬಂದಂತೆ ನೇರಳೆ ಅಂಚು ಮಂಕಾಯಿತು. ತಿಂಗಳುಗಟ್ಟಲೆ ಹಿಡಿಯಿತು, ಆದರೆ ಮಾಯಿತು. ಅಲ್ಲಿ ಉಳಿದದ್ದು ಜರಡಿಯಂಥ ತೂತು ತೂತಿನ ಕಲೆ. ನಾನು ಅಷ್ಟು ಸಂತೋಷಪಟ್ಟದ್ದು ನನ್ನ ಬಾಳಿನಲ್ಲೇ ಕಡಿಮೆ.

ಮನೆಯಲ್ಲಿ ಮಾತ್ರ ಎಲ್ಲ ತಿಳಿದುಹೋಗಿತ್ತು. ಅತ್ತೆ ಕೂಗಾಡಲಿಲ್ಲ. ಬಾಗಿಲ ನಿಂಬೆಹಣ್ಣು ಬಿಚ್ಚಿಸಿದರು, ಧಾರವಾಡಕ್ಕೆ ಕಾಗದ ಬರೆಸಿದರು, ಮೈದುನನಿಗೆ ಬೇರೆ ಹೆಣ್ಣು ನೋಡತೊಡಗಿದರು. "ಹೊಟ್ಯಾಗ ರೋಗ ಮುಚ್ಚಿಟಗೊಂಡು ಬಂದಾಕಿ," ಅಂದರು, ಅಷ್ಟೇ. ಮಾವನವರು ಪೇಪರು ಮುಖಕ್ಕೆ ಅಡ್ಡ ಹಿಡಿದರು. ಮೈದುನ ಆಫೀಸಿಗೆ ಹೋದ. ಅವತ್ತು ನನಗೆ ಆ ಮನೆಯ ಅನ್ನ ಸೇರಲಿಲ್ಲ.

ನೆಗೆಣ್ಣಿಯನ್ನು ಕರೆದೊಯ್ಯಲು ಅವಳ ಅಪ್ಪ ಬಂದರು. ಸ್ಟೇಶನ್ನಿಗೆ ಹೋಗುವ ಟಾಂಗಾ ವಾಡೆಯ ಬಾಗಿಲಲ್ಲಿ ನಿಂತಿತ್ತು. ಟ್ರಂಕು ಏರಿಸುವವರೆಗೆ ನಾವಿಬ್ಬರೇ ನಿಂತಿದ್ದೆವು. ಆಣೆ ಮುರಿದದ್ದಕ್ಕೆ ಅವಳು ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಕಾಲು ಹೋಗಿದ್ರ ಇರಸ್ಕೋತಿದ್ರು ಅನಸ್ತದ, ಅಕ್ಕಾ," ಅಂದಳು. "ಈ ಮನೀ ಕಲ್ಲಿಗೇ ಬಡದದ್ದಲ್ಲೇನು ಅದು? ಮಂದಿಗೆ ಅಂಜಿಯಾದ್ರೂ ಇರಸ್ಕೋತಿದ್ರು."

ಅವಳು ಹೇಳಿದ್ದು ನಿಜ. ಹತ್ತಲು ಕೈ ಕೊಟ್ಟೆ. ಅವಳು ಹಿಡಿಯಲಿಲ್ಲ. ಕಲೆಯಿದ್ದ ಕಾಲಿನ ಮೇಲೇ ಭಾರ ಹಾಕಿ ಒಬ್ಬಳೇ ಹತ್ತಿ ಕೂತಳು.