ಫಟಫಟಿಯ ನಾಮ

ಕಬ್ಬಿನ ಇನ್ಸ್‌ಪೆಕ್ಟರ್ ಸಂಪತ್ತಯ್ಯಂಗಾರ್ಯರ ಫಟಫಟಿ ಮಂಡ್ಯ ಬಿಡುವ ಮುಂಚೆಯೇ ಮೈಲಿಗಟ್ಟಲೆ ದೂರದ ಕೊತ್ತತ್ತಿ ಹಳ್ಳಿಯವರ ಕಣ್ಣಿಗೆ ಬೀಳಬೇಕು; ಅದು ಅವರ ಹಟ. ಎತ್ತಿನ ಗಾಡಿಯವರು ಕಬ್ಬಿನ ಹೊರೆಯ ಮೇಲೆ ನಿದ್ದೆ ಮಾಡುತ್ತಾರೆ, ಬಸ್ಸಿನವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ ಎನ್ನುವುದು ಅವರ ಸಿದ್ಧಾಂತ. ಅದಕ್ಕೇ ಮಡ್‌ಗಾರ್ಡಿಗೆಲ್ಲ ಸುಣ್ಣ ಬಳಿದಿದ್ದರು. ಹಿಂದೆ ಬರುವ ಬಸ್ಸುಗಳಿಗಾಗಿ ಹೆಂಡತಿ ಸರಸಮ್ಮನ ಹಿತ್ತಾಳೆ ಹರಿವಾಣವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಹರಿವಾಣ ಹೋದಾಗ ಸರಸಮ್ಮ ತಟ್ಟೆಯಲ್ಲೇ ಸುಧಾರಿಸಿಕೊಂಡಳು. ಮಡಿಪಂಚೆಯೂ ಫಟಫಟಿಗೆ ಬಾವುಟವಾದಾಗ ಗೊಣಗಿದಳು. "ಕಂಡರೆ ತಾನೇ ಕಣೇ, ದಾರಿ ಬಿಡೋದು?" ಎಂದು ಅವರು ಕಿಕ್ ಹೊಡೆದು ಹೊರಟೇಬಿಟ್ಟರು. ಕೊನೆಗೆ ದೀಪದ ಮೇಲೊಂದು ತಗಡು ಕೂರಿಸಿ, ಅದಕ್ಕೆ ಮೊಳದುದ್ದದ ನಾಮವನ್ನೂ ಇಟ್ಟರು. ಕಾಲುವೆ ಏರಿಯ ಮೇಲೆ ಗಾಡಿ ಹೊಡೆಯುವ ಚಲುವರಾಜು ಅದನ್ನು ದೂರದಿಂದಲೇ ಕಂಡು, "ಏಳ್ಲಾ, ದೇವ್ರು ಬತ್ತಾವ್ನೆ, ಪಕ್ಕಕ್ಕೆ ಒಡಿ" ಎಂದು ಮುಂದಿನ ಗಾಡಿಯವನನ್ನು ಎಬ್ಬಿಸುತ್ತಿದ್ದ. ಸರಸಮ್ಮನಿಗೆ ನಿಜವಾಗಿ ಸಿಟ್ಟು ಬಂದದ್ದು ಆ ನಾಮವನ್ನು ಹತ್ತಿರದಿಂದ ನೋಡಿದ ದಿನ. ಎರಡು ಬಿಳಿ ಗೆರೆಗಳಿದ್ದವು, ನಡುವೆ ಖಾಲಿ. "ಏನೂಂದ್ರೆ, ನಡುವಿನ ಕೆಂಪು ಗೆರೆ ಸಾಕ್ಷಾತ್ ಲಕ್ಷ್ಮಿ. ಅವಳನ್ನೇ ಬಿಟ್ಟು ಹೊರಟಿದ್ದೀರಲ್ಲ." ಅಯ್ಯಂಗಾರ್ಯರು ಹರಿವಾಣದ ದಾರ ಬಿಗಿದುಕೊಳ್ಳುತ್ತ ಮೆಲ್ಲಗೆ ಹೇಳಿದರು: "ಕೆಂಪು ಕಂಡರೆ ಎತ್ತುಗಳು ಬೆದರ್ತವೆ ಕಣೇ. ಪಕ್ಕದಲ್ಲೇ ಹೊಸ ಕಾಲುವೆ, ಹೊರೆ ಮೇಲೆ ಮಲಗಿರೋನಿಗೆ ಇನ್ನೂ ಈಜು ಬರದು. ತಾಯಿ ಅಲ್ಲವೇ, ಗಾಡಿ ದಾಟೋವರೆಗೂ ಸ್ವಲ್ಪ ಪಕ್ಕಕ್ಕೆ ನಿಂತಿರ್ತಾಳೆ ಬಿಡು."