ಗುರುವಾರ ಇಳಿಯುವ ಕೆರೆ

ಕೆರೆಯ ಅಳತೆ ಬರೆಯುವ ಈ ಹೆಂಗಸಿಗೆ ವಾರದ ರಜೆ ಎಂಬುದಿಲ್ಲ. ಕೆರೆಗೆ ಭಾನುವಾರ ಗೊತ್ತಿಲ್ಲವಲ್ಲ ಎಂಬುದು ನಗರಸಭೆಯ ವಾದ.

ಬೆಳಿಗ್ಗೆ ಐದೂಮುಕ್ಕಾಲು. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಪುಸ್ತಕ, ಕೈಯಲ್ಲಿ ಟಾರ್ಚು, ಬಾಯಲ್ಲಿ ಪೆನ್ನು. ಗೋಡೆಗೆ ಒಂದು ಭುಜ ಒರಗಿಸಿಕೊಂಡು ಮೆಟ್ಟಿಲಿಳಿಯುತ್ತಾರೆ. ನೀರು ಮುಟ್ಟುವ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆನ್ನೆ ನೀರಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚುತ್ತಾರೆ. ಎದುರಿಗೆ ನೀರಲ್ಲಿ ನೆಟ್ಟಗೆ ನಿಂತ ಬಿಳಿ ಪಟ್ಟಿ, ಅದರ ಮೇಲೆ ಸೆಂಟಿಮೀಟರಿಗೊಂದು ಕಪ್ಪು ಗೆರೆ. ಅದೇ ಗೇಜು. ಅಲೆ ನಿಲ್ಲುವವರೆಗೆ ಉಸಿರು ಬಿಗಿಹಿಡಿಯುತ್ತಾರೆ. ಅಷ್ಟರಲ್ಲಿ ಒಂದು ಮೀನು ಎಗರುತ್ತದೆ.

"ನಿನ್ ಮನೆ ಹಾಳಾಗ, ಒಂದ್ನಿಮಿಷ ಸುಮ್ನಿರೋಕಾಗಲ್ವಾ?"

ಮೀನು ಸುಮ್ಮನಾಗುತ್ತದೆ. ನಾಲ್ಕು ಮೀಟರ್ ಹದಿನೇಳು. ಮೂರು ಸಲ ಬಾಯಲ್ಲಿ ಹೇಳಿಕೊಂಡು ಬರೆಯುತ್ತಾರೆ. ಮೇಲೆ ಬಂದು ಪಂಪುಮನೆಗೆ ಫೋನು ಮಾಡುತ್ತಾರೆ. ಊರಿಗೆ ಎಷ್ಟು ನೀರು ಬಿಡಬೇಕೆಂದು ಪಂಪುಮನೆ ತೀರ್ಮಾನಿಸುವುದು ಈ ಅಂಕಿಯಿಂದ. ಸಂಜೆ ಆರಕ್ಕೆ ಮತ್ತೆ ಇದೇ ಪಾಡು. ಕೆರೆ ತುಂಬಿದಾಗ ನಲವತ್ತು ಮೆಟ್ಟಿಲು, ಬೇಸಿಗೆಯಲ್ಲಿ ಅರವತ್ತನಾಲ್ಕು. ಊರಿಗೆ ನೀರು ಕಮ್ಮಿಯಾದಷ್ಟೂ ಇವರಿಗೆ ಮೆಟ್ಟಿಲು ಜಾಸ್ತಿ.

ವಯಸ್ಸು ಐವತ್ತೊಂದು. ಪಂಪುಮನೆಯವರು ಇಟ್ಟ ಹೆಸರು ಗೇಜಕ್ಕ. ತಂದೆ ಇದೇ ಕೆಲಸದಲ್ಲಿದ್ದು ತೀರಿಕೊಂಡಾಗ ಇಪ್ಪತ್ತೈದರ ಮಗಳಿಗೆ ಬಂದ ನೌಕರಿ ಇದು. ಒಮ್ಮೆ ಪಾಚಿಯಲ್ಲಿ ಜಾರಿ ಬಲ ಮಣಿಕಟ್ಟು ಮುರಿದಿದೆ. ಆ ವರ್ಷದ ಪುಸ್ತಕದಲ್ಲಿ ಆರು ವಾರದ ಅಂಕಿಗಳು ಎಡಗೈಯವು, ಗಾಳಿಗೆ ಬಾಗಿದಂತಿವೆ. "ಇನ್ನೊಂದ್ಸಲ ಹಾವು ಬಂದಿತ್ತು," ಎನ್ನುತ್ತಾರೆ. "ಗೇಜಿಗೆ ಸುತ್ಕೊಂಡು ಕೂತಿತ್ತು. ಅದೂ ಓದೋಕೆ ಬಂದಿರಬೇಕು, ಓದ್ಕೊಂಡು ಹೋಗ್ಲಿ ಅಂತ ಕಾದೆ."

ಇಪ್ಪತ್ತಾರು ವರ್ಷ, ಇಪ್ಪತ್ತಾರು ಪುಸ್ತಕ. ಒಂದು ಹೊತ್ತೂ ಖಾಲಿ ಬಿಟ್ಟಿಲ್ಲ. ಹಾಗಾದರೆ ಜ್ವರ ಬಂದಾಗ? "ಜ್ವರದಲ್ಲೇ ಇಳಿದೆ." ಮದುವೆಯ ದಿನ? "ಮುಹೂರ್ತ ಒಂಬತ್ತಕ್ಕಿತ್ತು. ಆರಕ್ಕೆ ಕೆರೇಲಿದ್ದೆ. ಬೀಗರು ಹುಡುಗಿ ಓಡಿಹೋದ್ಳು ಅಂದ್ಕೊಂಡ್ರು."

ಆದರೆ ಒಂದು ಗುಟ್ಟಿತ್ತು, ಗುರುವಾರದ್ದು. ಗಂಡ ದರ್ಜಿ, ಅವರ ಅಂಗಡಿಗೆ ಗುರುವಾರ ರಜೆ. ಮದುವೆಯಾದ ವಾರವೇ ಅವರು, "ಗುರುವಾರ ಬೆಳಿಗ್ಗೆ ನಾನಿಳಿತೀನಿ, ನೀನು ಮಲಗು" ಅಂದರಂತೆ. ಇಪ್ಪತ್ತಮೂರು ವರ್ಷ ತಪ್ಪದೆ ಹೋಗಿದ್ದಾರೆ. ಅಂಕಿಯನ್ನು ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಬರುತ್ತಿದ್ದರು. ಇವರು ಏಳು ಗಂಟೆಗೆದ್ದು, ತಮ್ಮ ಕೈಯಲ್ಲೇ ಪುಸ್ತಕಕ್ಕೆ ಏರಿಸಿ ಫೋನು ಮಾಡುತ್ತಿದ್ದರು. "ಮದ್ವೇಲಿ ಕೊಟ್ಟ ಮಾತಲ್ಲಿ ಇವರು ಉಳಿಸ್ಕೊಂಡಿದ್ದು ಅದೊಂದೇ," ಎನ್ನುತ್ತಾರೆ ಗೇಜಕ್ಕ. ಅಳತೆಯನ್ನು ಬೇರೆಯವರು ಓದಿದರೆ ನೌಕರಿಯಿಂದ ತೆಗೆಯಲಾಗುವುದು ಎಂದು ಪ್ರತಿ ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಿದೆ. ಅಷ್ಟು ದಪ್ಪ ಅಕ್ಷರವನ್ನು ಯಾರು ಓದುತ್ತಾರೆ?

ನಗರಸಭೆ ವರ್ಷಕ್ಕೊಮ್ಮೆ ಗಣಿತ, ಭೌತ, ರಸಾಯನದಂಥ ನಿಖರ ವಿಜ್ಞಾನಗಳ ಸಂಶೋಧಕರೊಬ್ಬರಿಗೆ ಪುರಸ್ಕಾರ ಕೊಡುತ್ತದೆ. ಈ ಸಲ ಅದು ಕಾಲೇಜಿನ ಗಣಿತದ ಮೇಷ್ಟ್ರೊಬ್ಬರಿಗೆ ಬಂತು. ಅವರು ಎರಡು ಬೇಸಿಗೆ ರಜೆ ನಗರಸಭೆಯ ದಾಖಲೆ ಕೋಣೆಯಲ್ಲಿ ಸೀನುತ್ತ ಕೂತು ಗೇಜಕ್ಕನ ಪುಸ್ತಕಗಳನ್ನೆಲ್ಲ ನಕಲು ಮಾಡಿಕೊಂಡಿದ್ದರು. ಅವರಿಗೆ ಸಿಕ್ಕಿದ್ದು ಅದ್ಭುತ: ಕೆರೆ ವಾರಕ್ಕೊಮ್ಮೆ, ಗುರುವಾರ ಬೆಳಿಗ್ಗೆ, ಎರಡು ಸೆಂಟಿಮೀಟರ್ ಇಳಿಯುತ್ತದೆ, ಸಂಜೆಗೆ ಸರಿಹೋಗುತ್ತದೆ. ಇನ್ನೂ ಅದ್ಭುತವೆಂದರೆ ಮಳೆಗಾಲದ ನಾಲ್ಕು ತಿಂಗಳು ಇಳಿಯುವುದಿಲ್ಲ. ಯಾಕೆ ಇಳಿಯುತ್ತದೆ, ಯಾಕೆ ಇಳಿಯುವುದಿಲ್ಲ ಎರಡಕ್ಕೂ ಮೂವತ್ತೊಂದು ಪುಟ ಸಮೀಕರಣ ಬರೆದರು. ತೀರ್ಪುಗಾರರು ಮೂವರೂ ತಲೆದೂಗಿದರು.

"ಬೇರೆ ಊರಿನ ಕೆರೆಗಳು ಬರೀ ನೀರು ಕೊಡ್ತವೆ, ನಮ್ಮದು ಗಣಿತಾನೂ ಕೊಡುತ್ತೆ" ಎಂದು ಅಧ್ಯಕ್ಷರು ಸಭೆಯಲ್ಲಿ ಹೇಳಿದರು. ಇಂಜಿನಿಯರು ಒಂದು ಹೆಜ್ಜೆ ಮುಂದೆ ಹೋದರು. ಕೆರೆ ಗುರುವಾರ ದಣಿಯುತ್ತದೆ ಎಂದಾದರೆ ಅಂದು ಬೆಳಿಗ್ಗೆ ಅದಕ್ಕೆ ಬಿಡುವು ಕೊಡಬೇಕಲ್ಲ? ತಗ್ಗಿನ ಬೀದಿಗಳ ನಲ್ಲಿ ಗುರುವಾರ ಬೆಳಿಗ್ಗೆ ಬಂದ್ ಮಾಡಲು ಆದೇಶ ಹೊರಟಿತು. ಗೇಜಕ್ಕನ ಮನೆ ಇರುವುದೂ ತಗ್ಗಿನ ಬೀದಿಯಲ್ಲೇ.

ಮೊದಲ ಒಣ ಗುರುವಾರ ಎದುರುಮನೆಯಾಕೆ ಖಾಲಿ ಬಿಂದಿಗೆ ಹಿಡಿದು ಬಾಗಿಲಿಗೇ ಬಂದರು. "ಏನ್ರೀ ಗೇಜಕ್ಕ, ನಿಮ್ ಕೆರೆ ಉಸಿರಾಡ್ಲಿ ಅಂತ ನಾವು ಉಸಿರು ಹಿಡ್ಕೊಂಡು ಕೂರ್ಬೇಕಾ? ನಮ್ಮತ್ತೆ ಸ್ನಾನ ಆಗ್ದೆ ಕಾಫಿ ಕುಡಿಯಲ್ಲ. ಕಾಫಿ ಕುಡೀದೆ ನನ್ನನ್ನ ಬದುಕೋಕೆ ಬಿಡಲ್ಲ."

ಅದೇ ಸಂಜೆ ಮೇಷ್ಟ್ರು ಆಹ್ವಾನ ಪತ್ರಿಕೆ ಹಿಡಿದು ಬಂದರು. ಕೆರೆಯ ಇಳಿತದ ಮಾತನ್ನು ಅಲ್ಲಿಯವರೆಗೆ ಗೇಜಕ್ಕನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

"ನೀವು ವೇದಿಕೆ ಮೇಲೇ ಕೂರ್ಬೇಕಮ್ಮ. ಇದೆಲ್ಲ ನಿಮ್ಮ ಅಳತೆಯಿಂದ ಆದದ್ದು."

"ನನ್ನ ಅಳತೇಲಿ ಅಂಥಾದ್ದೇನಿದೆ ಸಾರ್?"

"ಗುರುವಾರ ಬೆಳಿಗ್ಗೆ ಎರಡು ಸೆಂಟಿಮೀಟರ್ ಇಳಿಯುತ್ತಲ್ಲ, ಅದು."

"ಗುರುವಾರಾನಾ? ಬೆಳಿಗ್ಗೇನಾ?"

"ಹೂಂ. ಬೆಳಿಗ್ಗೆ ಮಾತ್ರ."

ಗೇಜಕ್ಕ ಕಾಫಿಗೆ ನೀರಿಟ್ಟಿದ್ದ ಒಲೆಯನ್ನು ಆರಿಸಿದರು. ನಿವೃತ್ತಿಗೆ ಒಂಬತ್ತು ವರ್ಷವಿದೆ. ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ, ಅದರ ಹಿಂದೆಯೇ ಪಿಂಚಣಿ. "ಸುಮ್ನಿದ್ದಿದ್ರೆ ನಡೆದುಹೋಗ್ತಿತ್ತು," ಎನ್ನುತ್ತಾರೆ ಈಗ. "ಆದ್ರೆ ಇಡೀ ಬೀದಿ ನಲ್ಲಿ ನಿಲ್ಸಿ ನಾನು ಮುಸುಕು ಹೊದ್ದು ಮಲಗೋದು ಹೇಗೆ? ನಿದ್ದೆ ಬರ್ಬೇಕಲ್ಲ?" ಗುರುವಾರ ಓದುವುದು ಗಂಡ ಎಂದು ಹೇಳಿಬಿಟ್ಟರು. ಮೇಷ್ಟ್ರು ಎರಡು ನಿಮಿಷ ಆಹ್ವಾನ ಪತ್ರಿಕೆಯನ್ನು ತಿರುವಿ ಮುರುವಿ ನೋಡಿ, "ಯಜಮಾನರು ಹೇಗೆ ಓದ್ತಾರೆ, ಸ್ವಲ್ಪ ನೋಡಬಹುದಾ?" ಎಂದರು.

ಮಾರನೆಯ ಬೆಳಿಗ್ಗೆ ಮೂವರೂ ಕೆರೆಗೆ ಹೋದರು. ದರ್ಜಿ ಮುಂದೆ, ಕೊರಳಲ್ಲಿ ಟೇಪು. ಅದು ನಿದ್ದೆಯಲ್ಲೂ ಇರುತ್ತದಂತೆ. ಚಕಚಕನೆ ಇಳಿದವರು ನೀರಿಗೆ ಇನ್ನೂ ಏಳು ಮೆಟ್ಟಿಲಿರುವಾಗಲೇ ನಿಂತುಬಿಟ್ಟರು. ಅಲ್ಲಿಂದಲೇ ಕತ್ತು ಉದ್ದ ಮಾಡಿ, "ನಾಲ್ಕು, ಹದಿನಾಲ್ಕು" ಅಂದರು.

"ಇಳೀರಿ ಕೆಳಗೆ," ಎಂದರು ಹೆಂಡತಿ.

"ಇಲ್ಲಿಂದ್ಲೇ ಕಾಣುತ್ತಲ್ಲ."

"ಇಳೀರೀ ಅಂದೆ."

"ನಂಗೆ ನೀರಂದ್ರೆ ಭಯ ಕಣೇ."

"ಇಪ್ಪತ್ಮೂರು ವರ್ಷದಿಂದ ಒಂದ್ಸಲಾನಾದ್ರೂ ಹೇಳಿದ್ರಾ?"

"ನೀನು ಕೇಳಿದ್ಯಾ? ಏಳೋಷ್ಟ್ರಲ್ಲಿ ಅಂಕಿ ಎಲ್ಲಿ, ಅಂಕಿ ಎಲ್ಲಿ ಅಂತಿದ್ದೆ."

ಗೇಜಕ್ಕ ಕೆಳಗಿಳಿದು, ಕೆನ್ನೆ ಬಗ್ಗಿಸಿ ಓದಿದರು. ನಾಲ್ಕು, ಹದಿನಾರು. ಮೇಷ್ಟ್ರು ಪ್ಯಾಂಟು ಮಡಿಚಿಕೊಂಡು ತಾವೂ ಇಳಿದು ಓದಿದರು. ಹದಿನಾರೇ. ಆಮೇಲೆ ದರ್ಜಿಯ ಪಕ್ಕಕ್ಕೆ ಏರಿ ಬಂದು ನೋಡಿದರು. ತಿಳಿನೀರು, ಅಲೆಯಿಲ್ಲ. ಮೇಲಿನಿಂದ ನೋಡುವಾಗ ನೀರು ಎಲ್ಲಿ ಶುರುವಾಗುತ್ತದೆಂದೇ ಗೊತ್ತಾಗುವುದಿಲ್ಲ. ಮುಳುಗಿದ ಗೆರೆಯೂ ಎದ್ದು ಬಂದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಕೆಂಪು ನೀರು. ಒಳಗಿನದೇನೂ ಕಾಣದು, ಓದು ಸರಿಬರುತ್ತದೆ. ಮೂವತ್ತೊಂದು ಪುಟ ಅಲ್ಲೇ ಏಳನೆಯ ಮೆಟ್ಟಿಲಲ್ಲಿ ಮುಗಿಯಿತು.

ಸೊಂಟ ಅಳೆಯುವ ಕೈಗೆ ಇಷ್ಟೂ ಆಗಲಿಲ್ಲವೇ ಎಂದರೆ ದರ್ಜಿಗೆ ಇವತ್ತಿಗೂ ಸಿಟ್ಟು ಬರುತ್ತದೆ. "ಎರಡು ಸೆಂಟಿಮೀಟರ್ ಅಂದ್ರೆ ನಮ್ಮಲ್ಲಿ ಹೊಲಿಗೆಗೆ ಬಿಡೋ ಬಟ್ಟೆ ಕಣ್ರೀ. ಅದನ್ನ ಯಾರಾದ್ರೂ ತಪ್ಪು ಅಂತಾರಾ?"

ಮೇಷ್ಟ್ರು ಅದೇ ದಿನ ನಗರಸಭೆಗೆ ಹೋಗಿ, ನಡೆದದ್ದನ್ನು ಹೇಳಿ, ಪುರಸ್ಕಾರ ಬೇಡವೆಂದರು. ಗುಮಾಸ್ತರು ಗಾಬರಿಯಾದರು. "ಕಾರ್ಡು ಅಚ್ಚಾಗಿದೆ ಸಾರ್. ಬೇಕು ಅನ್ನೋದಕ್ಕೆ ಅರ್ಜಿ ನಮೂನೆ ಇದೆ, ಬೇಡ ಅನ್ನೋದಕ್ಕೆ ಇಲ್ಲ." ಕೊನೆಗೆ 'ಬೇಕು' ನಮೂನೆಯಲ್ಲೇ ಒಂದು ಪದ ಹೊಡೆದುಹಾಕಿ ಸಹಿ ಮಾಡಿಸಿಕೊಂಡರು. ಸಭಾಂಗಣ ಮೊದಲೇ ಗೊತ್ತುಮಾಡಿದ್ದರಿಂದ ಸಮಾರಂಭ ನಿಲ್ಲಲಿಲ್ಲ. ಪುರಸ್ಕೃತರಿಲ್ಲದ ವೇದಿಕೆಯಲ್ಲಿ ಅಧ್ಯಕ್ಷರು ನಿಖರತೆಯ ಮಹತ್ವದ ಬಗ್ಗೆ ಐವತ್ತು ನಿಮಿಷ ಮಾತಾಡಿದರು. ಭಾಷಣವೂ ಮೊದಲೇ ತಯಾರಾಗಿತ್ತು.

ನಲ್ಲಿ ಆದೇಶ ರದ್ದಾಯಿತು. ಗೇಜಕ್ಕನಿಗೆ ನೋಟಿಸು ಬಂತು: ನೌಕರಿಯಿಂದ ಯಾಕೆ ತೆಗೆಯಬಾರದು? ಅವರು ಒಂದೇ ಸಾಲಿನ ಉತ್ತರ ಬರೆದರು: "ತೆಗೆಯಿರಿ, ಆದರೆ ನಾಳೆ ಆರು ಗಂಟೆಗೆ ಯಾರನ್ನಾದರೂ ಕಳಿಸಿ." ನಗರಸಭೆ ಹುಡುಕಿತು. ರಜೆಯಿಲ್ಲದ, ದಿನಕ್ಕೆರಡು ಸಲ ಪಾಚಿ ಮೆಟ್ಟಿಲಿಳಿಯುವ ಕೆಲಸಕ್ಕೆ ಒಬ್ಬರೂ ಬರಲಿಲ್ಲ. ಮೂರು ವಾರಕ್ಕೆ ನೋಟಿಸು ತಾನಾಗಿ ತಣ್ಣಗಾಯಿತು. ನೌಕರಿ ಉಳಿಯಿತು. ಗುರುವಾರವೂ ಈಗ ಅವರದೇ.

ಪುಸ್ತಕಗಳನ್ನು ಮಾತ್ರ ತಾವೇ ಕೇಳಿ ತರಿಸಿಕೊಂಡಿದ್ದಾರೆ. ಹನ್ನೊಂದು ದಿನ ಮಧ್ಯಾಹ್ನ, ಗಂಡನ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು, ಸ್ಕೇಲಿಟ್ಟು ತಪ್ಪು ಅಂಕಿಗಳ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಮೇಷ್ಟ್ರು ಪಟ್ಟಿ ಹಿಡಿದು ಓದಿ ಹೇಳುತ್ತಿದ್ದರು. ಎಲ್ಲಾ ಗುರುವಾರಗಳನ್ನೂ ಹೊಡೆದು ಹಾಕಿದರೆ ಸುಲಭವಾಗುತ್ತದೆ ಎಂದು ಅವರು ಸೂಚಿಸಿದ್ದಕ್ಕೆ ಗೇಜಕ್ಕ ಒಪ್ಪಲಿಲ್ಲ. "ಮಳೆಗಾಲದ್ದು ಸರಿಯಿದೆ ಅಂತ ನೀವೇ ಹೇಳಿದ್ರಿ. ಸರಿಯಿರೋದನ್ನ ಹೊಡೆಯೋಕೆ ನನಗೇನು ಹುಚ್ಚಾ?" ಗೆರೆ ಎಳೆಯಲು ಬೇಸರವಾಗಲಿಲ್ಲವೇ ಎಂದರೆ ಪೆನ್ನಿನ ಮುಚ್ಚಳ ಹಾಕುತ್ತಾ, "ಬೇಸರ ಯಾಕೆ? ಉಳಿದಿದ್ದೆಲ್ಲ ಸರಿಯಾಗಿರೋದೇ," ಎನ್ನುತ್ತಾರೆ.

ಇಪ್ಪತ್ತಾರು ಪುಸ್ತಕಗಳಲ್ಲಿರುವ ಅಳತೆಗಳು ಹದಿನೆಂಟು ಸಾವಿರದ ಒಂಬೈನೂರ ತೊಂಬತ್ತೆರಡು. ಹೋದವು ಎಂಟುನೂರ ಐದು.