ನನ್ನ ಕಣ್ಣಿನ ಇಪ್ಪತ್ತು ಗಜ

ನನ್ನ ಕಣ್ಣು ಸುಳ್ಳು ಹೇಳುತ್ತದೆ ಎಂದು ತಿಳಿಯಲು ನನಗೆ ಖರ್ಚಾದದ್ದು ಐವತ್ತೈದು ಸಿಂಗಪುರ ಡಾಲರ್. ಮಾರುವವರು ಮೊದಲು ಹೇಳಿದ ಬೆಲೆ ನೂರಿಪ್ಪತ್ತು. ವಸ್ತು ಏನೆಂದರೆ, ದೂರ ಅಳೆಯುವ ಒಂದು ಪುಟ್ಟ ಯಂತ್ರ, ಸೆಕೆಂಡ್ ಹ್ಯಾಂಡ್. ಒಂದು ಕಣ್ಣಿಗೆ ಹಿಡಿದು ಗುಂಡಿ ಒತ್ತಿದರೆ ಎದುರಿನ ಮರವೋ ಕಂಬವೋ ಎಷ್ಟು ಗಜ ದೂರವಿದೆ ಎಂದು ತೋರಿಸುತ್ತದೆ. ಗಾಲ್ಫ್ ಆಡುವವರು ಇಟ್ಟುಕೊಳ್ಳುತ್ತಾರೆ. ಬುಕಿತ್ ಬಾಟೋಕ್ ಎಂಆರ್‌ಟಿ ಸ್ಟೇಷನ್ನಿನ ಗೇಟಿನ ಬಳಿ ಅದನ್ನು ತಂದುಕೊಟ್ಟ ಅಂಕಲ್‌ಗೆ ಮೊಣಕಾಲು ನೋವು, ಗಾಲ್ಫ್ ಬಿಟ್ಟೇ ಬಿಟ್ಟಿದ್ದರು. ಅವರು ಅಷ್ಟು ಹೇಳಿದ ಕೂಡಲೇ ಬೆಲೆ ಎಂಬತ್ತಕ್ಕೆ ಬಂತು. ಚೀಲದ ಜಿಪ್ ಕೆಟ್ಟಿದ್ದನ್ನು ತೋರಿಸಿದೆ, ಎಪ್ಪತ್ತಾಯಿತು. ಆಮೇಲೆ ನಾನು ಸುಮ್ಮನೆ ನಿಂತೆ. ಸುಮ್ಮನೆ ನಿಲ್ಲುವುದಕ್ಕೆ ಹದಿನೈದು ಡಾಲರ್ ಬೆಲೆ ಇದೆ.

ನಾನು ಗಾಲ್ಫ್ ಆಡುವವನಲ್ಲ. ಅದನ್ನು ಕೊಂಡದ್ದು ಜಿಂಕೆ ಬೇಟೆಗೆ.

ಸಿಂಗಪುರದಲ್ಲಿ ಕೂತು ಜಿಂಕೆ ಬೇಟೆಯೇ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿಯೂ ಕೇಳಿದಳು. ನಾನು ಜುರಾಂಗ್ ಐಲ್ಯಾಂಡಿನ ತೈಲ ಸ್ಥಾವರಗಳಿಗೆ ಸ್ಕ್ಯಾಫೋಲ್ಡಿಂಗ್ ಕಟ್ಟಿಸುವ ಕಂತ್ರಾಟುದಾರ. ನಮ್ಮ ಮಂಡ್ಯದ ಕಡೆ ಸಾರುವೆ ಅನ್ನುತ್ತೇವಲ್ಲ, ಅದೇ. ಐಲ್ಯಾಂಡಿನಲ್ಲಿ ರಿಪೇರಿ ಕೆಲಸಗಳ ಮೇಲ್ವಿಚಾರಕನಾಗಿದ್ದ ಒಬ್ಬ ಅಮೆರಿಕನ್ ಜೊತೆ ಆರು ವರ್ಷ ಕಾದಾಡಿದೆ. ನಾನು ದರ ಏರಿಸುವುದು, ಅವನು ಇಳಿಸುವುದು. ಆರು ವರ್ಷ ಹಾಗೆ ಜಗ್ಗಾಡಿದರೆ ಒಂದೋ ಶತ್ರುಗಳಾಗುತ್ತಾರೆ, ಇಲ್ಲವೇ ಗೆಳೆಯರು. ಅವನು ನಿವೃತ್ತನಾಗಿ ಅಮೆರಿಕಕ್ಕೆ ಹೋದ ಮೇಲೆ ಫೋನ್ ಮಾಡಿದ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

"ಸೆಪ್ಟೆಂಬರಲ್ಲಿ ಬಿಲ್ಲಿನ ಬೇಟೆ ಶುರುವಾಗುತ್ತೆ. ನನ್ನ ಜಮೀನಿನ ಅಂಚಲ್ಲಿ, ಮರದ ಮೇಲೆ, ಇಬ್ಬರು ಕೂರೋ ಅಟ್ಟಣೆ ಇದೆ. ಬಾ."

ಅವನದು ಕ್ರಾಸ್‌ಬೋ. ಬಂದೂಕಿನ ಹಿಡಿಗೆ ಬಿಲ್ಲನ್ನು ಅಡ್ಡ ಕೂರಿಸಿದಂತಿರುತ್ತದೆ. ಹೆದೆಯನ್ನು ಮೊದಲೇ ಎಳೆದು ಸಿಕ್ಕಿಸಿಟ್ಟರೆ ಆಮೇಲೆ ಟ್ರಿಗರ್ ಒತ್ತುವುದಷ್ಟೇ ಕೆಲಸ. ಭುಜದ ಆಪರೇಷನ್ ಆದ ಮೇಲೆ ಅವನಿಗೆ ಬೇರೆ ಬಿಲ್ಲು ಎಳೆಯಲು ಆಗುತ್ತಿರಲಿಲ್ಲ. ಅಲ್ಲಿ ಲೈಸೆನ್ಸು, ಅದಕ್ಕೆ ಮೊದಲು ಸುರಕ್ಷತೆಯ ಪಾಠ, ಪರೀಕ್ಷೆ ಎಲ್ಲ ಇವೆ, ಮಾಡಿದೆ. ಆದರೆ ನಿಜವಾದ ಪರೀಕ್ಷೆ ಅವನದೇ.

"ಇಪ್ಪತ್ತು ಗಜದೊಳಗೆ ಬಂದರೆ ಮಾತ್ರ ಬಾಣ. ಇಪ್ಪತ್ತು ಗಜ ಎಷ್ಟು ಅಂತ ನಿನ್ನ ಕಣ್ಣಿಗೆ ಗೊತ್ತಿರಬೇಕು. ಹೊರಡೋಕೆ ಮುಂಚೆ ವೀಡಿಯೋ ಕಾಲಲ್ಲಿ ನೋಡ್ತೀನಿ. ಹತ್ತಕ್ಕೆ ಹತ್ತು ಸರಿಯಾದರೆ ಬಿಲ್ಲು ನಿನ್ನ ಕೈಗೆ. ಇಲ್ಲದಿದ್ದರೆ ಪಕ್ಕದಲ್ಲಿ ಕೂತು ನೋಡು."

"ಮೂವತ್ತು ಗಜ ಮಾಡು."

"ಇಪ್ಪತ್ತು."

"ಸರಿ, ಇಪ್ಪತ್ತೈದು. ಹತ್ತಕ್ಕೆ ಎಂಟು."

"ಇದು ನಿನ್ನ ಸ್ಕ್ಯಾಫೋಲ್ಡಿಂಗ್ ಅಲ್ಲ ಮಾರಾಯ."

ಅಳೆಯುವ ಯಂತ್ರ ಇರುವಾಗ ಕಣ್ಣು ಯಾಕೆ ಎಂದು ಕೇಳಿದೆ. ಅವನು ಹೇಳಿದ್ದು ನನಗೆ ಹೊಸದು. ಸೀಸನ್ ಶುರುವಿನಲ್ಲಿ ಎಲೆ ಇನ್ನೂ ಉದುರಿರುವುದಿಲ್ಲ. ಜಿಂಕೆ ದೂರದಿಂದ ನಡೆದು ಬರುವುದು ಕಾಣಿಸುವುದಿಲ್ಲ. ಇದ್ದಕ್ಕಿದ್ದಂತೆ ಎಲೆಗಳ ಸಂದಿಯಲ್ಲಿ ನಿಂತಿರುತ್ತದೆ. ಆಗ ಕೈಯನ್ನು ಮುಖದ ಹತ್ತಿರ ಒಯ್ದರೆ ಸಾಕು, ಓಟ. ಅವನ ಬಿಲ್ಲೋ ಹಳೆಯದು, ನಿಧಾನದ್ದು. ಐದು ಗಜ ಲೆಕ್ಕ ತಪ್ಪಿದರೆ ಬಾಣ ನಾಲ್ಕು ಬೆರಳು ಮೇಲೆ ಅಥವಾ ಕೆಳಗೆ ಹೋಗುತ್ತದೆ. ನಾಲ್ಕು ಬೆರಳು ಎಂದರೆ ಜಿಂಕೆ ಅಲ್ಲೇ ಬೀಳುವುದಕ್ಕೂ ಎರಡು ದಿನ ಕುಂಟಿ ಸಾಯುವುದಕ್ಕೂ ಇರುವ ವ್ಯತ್ಯಾಸ.

ದೂರದ ಅಂದಾಜು ನನಗೇ ಕಲಿಸುತ್ತಾನಲ್ಲ ಎಂದು ಒಳಗೊಳಗೇ ನಗು ಬಂತು. ಇಪ್ಪತ್ತು ವರ್ಷದಿಂದ ಟ್ಯಾಂಕು, ಪೈಪು, ಗೋಪುರಗಳನ್ನು ಕೆಳಗೆ ನಿಂತು ನೋಡಿಯೇ ಕೊಟೇಶನ್ ಹೇಳಿದವನು ನಾನು.

ಬಿಲ್ಲನ್ನಂತೂ ಇಲ್ಲಿ ಮುಟ್ಟುವ ಹಾಗಿಲ್ಲ, ಪೊಲೀಸ್ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಜೈಲು. ಕಣ್ಣಿಗೆ ಲೈಸೆನ್ಸ್ ಬೇಡ. ಚೋವಾ ಚು ಕಾಂಗ್‌ನಲ್ಲಿ ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ ಅಭ್ಯಾಸ ಶುರುಮಾಡಿದೆ. ಗೋಡೆಗಳಿಲ್ಲದ ಉದ್ದನೆಯ ನೆಲ, ಬರೀ ಕಂಬಗಳು, ಕಾಡಿಗೆ ಅಷ್ಟು ಸಾಕು. ಜಿಂಕೆಯ ಬದಲು ಮಾರ್ಕೆಟ್ಟಿಗೆ ಎಳೆದೊಯ್ಯುವ ಎರಡು ಗಾಲಿಯ ಬಟ್ಟೆ ಟ್ರಾಲಿ. ಅದನ್ನು ಇಡುವವಳು, ಯಂತ್ರ ಹಿಡಿದು ಅಳೆಯುವವಳು, ಬರೆದುಕೊಳ್ಳುವವಳು ನನ್ನ ಹೆಂಡತಿ. ಅವಳು ಸುಮ್ಮನೆ ಒಪ್ಪಲಿಲ್ಲ.

"ಪಾಪ ಕಣ್ರೀ, ಜಿಂಕೆ."

"ಭಾನುವಾರ ಕುರಿ ತಿನ್ನೋವಾಗ ಈ ಪಾಪ ಎಲ್ಲಿಗೆ ಹೋಗಿರುತ್ತೆ?"

"ಅದು ನನ್ನ ಮುಖ ನೋಡಿ ಸತ್ತಿರಲ್ಲ." ಟ್ರಾಲಿಯ ಹಿಡಿ ಕೈಗೆ ತೆಗೆದುಕೊಂಡು, "ಹೋಗೋದೇ ಆದ್ರೆ ಸರಿಯಾಗಿ ಕಲ್ತು ಹೋಗಿ. ಅರ್ಧಂಬರ್ಧ ಗಾಯ ಮಾಡಿ ಬಂದ್ರೆ ಮನೆಗೆ ಸೇರ್ಸಲ್ಲ, ಹೇಳಿದೀನಿ."

ಹೀಗೆ ಅವಳು ಅಂಪೈರ್ ಆದಳು.

ಮೊದಲ ಸಂಜೆ ಹನ್ನೊಂದು ಸಲ ಹೇಳಿದೆ, ಹನ್ನೊಂದೂ ತಪ್ಪು. ಹದಿನೆಂಟಿದ್ದಲ್ಲಿ ಇಪ್ಪತ್ತೆರಡು ಎಂದೆ, ಇಪ್ಪತ್ತಿದ್ದಲ್ಲಿ ಇಪ್ಪತ್ತೈದು. ಯಂತ್ರವೇ ಕೆಟ್ಟಿದೆ, ಆ ಗಾಲ್ಫ್ ಅಂಕಲ್ ಮೋಸ ಮಾಡಿದ ಎಂದುಕೊಂಡು ಟೇಪು ತಂದು ಅಳೆದೆ. ಯಂತ್ರ ಸರಿಯಾಗಿಯೇ ಇತ್ತು.

ಅಲ್ಲಿನ ಕಲ್ಲುಮೇಜಿನ ಹತ್ತಿರ ದಿನಾ ಒಬ್ಬ ಚೀನೀ ಅಂಕಲ್ ಕೂರುತ್ತಿದ್ದರು, ನಿವೃತ್ತ ಬಸ್ ಡ್ರೈವರ್. ಮೂರನೆಯ ಸಂಜೆ ಅವರಿಗೆ ತಡೆಯಲಾಗಲಿಲ್ಲ. "ವಾಟ್ ಗೇಮ್ ಈಸ್ ದಿಸ್?" ಎಂದರು. ವಿವರಿಸಿದೆ. ಟ್ರಾಲಿಯ ಕಡೆ ಕಣ್ಣೆತ್ತಿ, "ಅಯ್ಯಾ, ಒನ್ ಅಂಡ್ ಹಾಫ್ ಬಸ್ ಲಾ," ಎಂದರು. ನಾನು ಇಪ್ಪತ್ನಾಲ್ಕು ಗಜ ಎಂದಿದ್ದೆ. ಯಂತ್ರ ಇಪ್ಪತ್ತು ತೋರಿಸಿತು. ಉದ್ದನೆಯ ಬಸ್ಸು ಹನ್ನೆರಡು ಮೀಟರ್. ಒಂದೂವರೆ ಬಸ್ಸು ಎಂದರೆ ಹದಿನೆಂಟು ಮೀಟರ್, ಹೆಚ್ಚುಕಡಿಮೆ ಇಪ್ಪತ್ತು ಗಜ. ಟ್ರಾಲಿ ಎಲ್ಲಿ ಇಟ್ಟರೂ ಅವರು ಬಸ್ಸಿನಲ್ಲಿ ಹೇಳುತ್ತಿದ್ದರು, ಸರಿಯಾಗಿ ಹೇಳುತ್ತಿದ್ದರು.

ಇದು ನನ್ನನ್ನು ಕೊರೆಯತೊಡಗಿತು. ಬೇಟೆಗಿಂತ ಈಗ ಇದೇ ಕುತೂಹಲ. ಅವರ ಕಣ್ಣಿಗೂ ನನ್ನ ಕಣ್ಣಿಗೂ ಏನು ವ್ಯತ್ಯಾಸ? ಕನ್ನಡಕದ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ನಂಬರ್ ಬದಲಾಗಿರಲಿಲ್ಲ.

ಕಂಡುಹಿಡಿದವಳು ಹೆಂಡತಿ. ಬರೆದುಕೊಂಡ ಪುಸ್ತಕವನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಬೀನ್ಸ್ ಬಿಡಿಸುತ್ತಾ ಹೇಳಿದಳು. "ತಪ್ಪಾದ್ರೆ ಒಂದ್ಸಲ ಜಾಸ್ತಿ, ಒಂದ್ಸಲ ಕಮ್ಮಿ ಆಗ್ಬೇಕು ಅಲ್ವಾ? ನಿಮ್ದು ಬರೀ ಜಾಸ್ತಿ. ನೀವು ಅಳೀತಾ ಇಲ್ಲ ರೀ, ಕೊಟೇಶನ್ ಕೊಡ್ತಾ ಇದೀರಿ."

ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಸಂಜೆ ಟ್ರಾಲಿ ಇಟ್ಟು, ಬೇರೆ ಥರ ಕೇಳಿದಳು.

"ಇಲ್ಲಿಂದ ಅಲ್ಲಿವರೆಗೆ ಕಾರ್ಪೆಟ್ ಹಾಕಿಸ್ಬೇಕು ಅಂದ್ಕೊಳ್ಳಿ. ದುಡ್ಡು ನಮ್ದೇ. ಅಂಗಡಿಯವನು ಪಕ್ಕದಲ್ಲೇ ನಿಂತಿದಾನೆ. ಎಷ್ಟು ಗಜ ಅಂತೀರಿ?"

"ಹದಿನಾರು," ಎಂದೆ, ತಡಮಾಡದೆ.

ಯಂತ್ರ ಇಪ್ಪತ್ತು ತೋರಿಸಿತು. ಟ್ರಾಲಿಯನ್ನು ಅಲ್ಲೇ ಬಿಟ್ಟು, "ಈಗ ಸ್ಕ್ಯಾಫೋಲ್ಡಿಂಗ್ ನೀವು ಕಟ್ಟಿಸ್ತೀರಿ, ದುಡ್ಡು ಕಂಪನಿದು," ಎಂದಳು. ಹೇಳಿದರೆ ನೀವು ನಂಬಲಾರಿರಿ, ಅದೇ ಟ್ರಾಲಿ ನನ್ನ ಕಣ್ಣೆದುರಿಗೇ ಹಿಂದಕ್ಕೆ ಸರಿದ ಹಾಗೆ ಕಂಡಿತು. ಕಲ್ಲುಮೇಜಿನ ಅಂಕಲ್ ತೊಡೆ ತಟ್ಟಿಕೊಂಡು ನಕ್ಕರು. ಡ್ರೈವರನ ಕಣ್ಣಿಗೆ ಬೇಕಾದದ್ದು ಒಂದೇ, ಎಲ್ಲಿ ಬ್ರೇಕ್ ಹಾಕಬೇಕು ಎಂಬುದು. ಅದರಲ್ಲಿ ಲಾಭವಿಲ್ಲ, ನಷ್ಟವಿಲ್ಲ.

ಆಗ ನನಗೆ ನಮ್ಮ ಅವ್ವನ ಮೊಳ ನೆನಪಾಯಿತು. ಅವ್ವ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರುತ್ತಿದ್ದಳು. ಹೂವಿನ ಮಂಡಿಯಲ್ಲಿ ಕೊಳ್ಳುವಾಗ ಮೊಣಕೈಯಿಂದ ನಡುಬೆರಳಿನ ತುದಿ ದಾಟಿ ಎರಡು ಹೂವು. ಮಾರುವಾಗ ಬೆರಳು ಮಡಚಿ ಗೆಣ್ಣಿನವರೆಗೆ. "ಮೋಸ ಅಲ್ವೇನವ್ವ?" ಎಂದು ಕೇಳಿದ್ದೆ. "ಕೈ ಒಂದೇ ಕಣ್ಲಾ, ಬೇಕಾದಂಗೆ ಉದ್ದ ಆಯ್ತದೆ," ಎಂದಿದ್ದಳು. ಆ ಕೈಯಿಂದಲೇ ನಾನು ಓದಿದೆ, ಇಲ್ಲಿಗೂ ಬಂದೆ. ಆಡಿಕೊಳ್ಳುವ ಮಾತಲ್ಲ ಅದು. ಆದರೆ ಕೈಗೆ ಅಂಟಿದ್ದು ಕಣ್ಣಿಗೂ ಇಳಿದಿದೆ ಎಂದು ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ತರಕಾರಿ ಟ್ರಾಲಿಯಿಂದ.

ಎಷ್ಟು ಗಜ ಎಂದು ಅಂದಾಜು ಮಾಡುವುದನ್ನೇ ಬಿಟ್ಟೆ. ಅಂಕಿ ನಾಲಿಗೆಗೆ ಬಂದರೆ ವ್ಯಾಪಾರ ಹಿಂದೆಯೇ ಬರುತ್ತದೆ. ಒಂದೇ ಪ್ರಶ್ನೆ ಇಟ್ಟುಕೊಂಡೆ: ಒಂದೂವರೆ ಬಸ್ಸಿನ ಒಳಗೋ, ಹೊರಗೋ? ಜುರಾಂಗ್ ಐಲ್ಯಾಂಡಿಗೆ ಕಂಪನಿ ಬಸ್ಸು ಹತ್ತುವ ಮೊದಲು ಅದರ ಮೂತಿಯಿಂದ ಬಾಲದವರೆಗೆ ನಡೆದು, ಅದರ ಅರ್ಧ ಮತ್ತೆ ನಡೆದು, ತಿರುಗಿ ನೋಡುತ್ತಿದ್ದೆ. ಬಸ್ಸಿನೊಳಗೆ ಕೂತ ಇಂಜಿನಿಯರುಗಳು ನನ್ನನ್ನು ನೋಡುತ್ತಿದ್ದರು. ಊಟದಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ ಕಾಫಿ ಅಂಗಡಿಯಿಂದ ತಟ್ಟೆ ಹಿಂದಿರುಗಿಸುವ ಜಾಗ, ಒಳಗೆ. ನಮ್ಮ ಲಿಫ್ಟಿನಿಂದ ಕೊನೆಯ ಮನೆ, ಹೊರಗೆ. ಆರು ವಾರದಲ್ಲಿ ಹತ್ತಕ್ಕೆ ಒಂಬತ್ತು, ಕೆಲವು ದಿನ ಹತ್ತಕ್ಕೆ ಹತ್ತು.

ಪರೀಕ್ಷೆಯ ದಿನ ನಮಗೆ ಬೆಳಗ್ಗೆ ಏಳು, ಅವನಿಗೆ ಹಿಂದಿನ ಸಂಜೆ. ಹೆಂಡತಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಯಂತ್ರ ಹಿಡಿದಿದ್ದಳು. ಕಲ್ಲುಮೇಜಿನ ಅಂಕಲ್ ಟ್ರಾಲಿ ಇಡುತ್ತಿದ್ದರು; ನಾನು ಗೋಡೆಗೆ ಮುಖ ಮಾಡಿ ನಿಂತು, ಕರೆದಾಗ ತಿರುಗಿ ಹೇಳಬೇಕು. ಒಳಗೆ. ಹೊರಗೆ. ಹೊರಗೆ. ಒಳಗೆ. ಒಂಬತ್ತೂ ಸರಿ. ವಿಮಾನದ ಟಿಕೆಟ್ ಆಗಿತ್ತು, ಹಸಿರು ಮಚ್ಚೆಯ ಅಂಗಿ ಇಸ್ತ್ರಿಯಾಗಿತ್ತು. ಹತ್ತನೆಯ ಸಲ ತಿರುಗುವಾಗ ಬಿಲ್ಲು ಆಗಲೇ ನನ್ನ ತೊಡೆಯ ಮೇಲಿತ್ತು ಎಂದೇ ಹೇಳಬೇಕು. ಕಂಬದ ಪಕ್ಕ ಟ್ರಾಲಿ ಅರ್ಧ ಕಾಣುತ್ತಿತ್ತು.

"ಒಳಗೆ."

ಹೆಂಡತಿ ಅಳೆದಳು. ಮತ್ತೊಮ್ಮೆ ಅಳೆದಳು.

"ಇಪ್ಪತ್ನಾಲ್ಕು ರೀ."

"ಹತ್ತಕ್ಕೆ ಒಂಬತ್ತು!" ನಾನು ಫೋನಿನ ಕಡೆ ಕೂಗಿದೆ. "ನಿನ್ನ ಯಾವ ಕಂತ್ರಾಟುದಾರ ನಿನಗೆ ಇಷ್ಟು ಕೊಟ್ಟಿದ್ದ?"

"ಹತ್ತನೇದೂ ಜಿಂಕೆನೇ," ಎಂದ ಅವನು. "ಬಾ. ಕೈ ಖಾಲಿ ಇರಲಿ."

ನಾನು ಮತ್ತೆ ಬಾಯಿ ತೆರೆದೆ. ಹೆಂಡತಿ ಪುಸ್ತಕ ಮುಚ್ಚಿ ಮೆಲ್ಲಗೆ ಹೇಳಿದಳು, "ಈ ಸಲ ಕಮ್ಮಿ ಹೇಳಿದ್ರಿ, ಗಮನಿಸಿದ್ರಾ? ಕೊಳ್ಳೋಕೆ ನಿಂತಿದ್ರಿ." "ಸರಿ," ಎಂದೆ ಫೋನಿಗೆ. ಇಷ್ಟು ವರ್ಷದಲ್ಲಿ ಒಂದಿಷ್ಟೂ ಜಗ್ಗಿಸಲಾಗದೆ ಒಪ್ಪಿದ ಮೊದಲ ದರ ಅದು.

ಹೋದೆ. ಮೂರು ಬೆಳಗು ಅಟ್ಟಣೆಯ ಮೇಲೆ ಅವನ ಪಕ್ಕ ಕೈ ಕಟ್ಟಿ ಕೂತೆ. ಎರಡನೆಯ ಬೆಳಗು ಒಂದು ಹೆಣ್ಣು ಜಿಂಕೆ ಎಲೆಗಳ ನಡುವೆ ಬಂದು ನಿಂತು, ಕಿವಿ ಮಾತ್ರ ಅಲ್ಲಾಡಿಸಿತು. ನನ್ನ ಕಣ್ಣು ಹೇಳಿತು: ಒಳಗೆ. ಗೆಳೆಯ ಬಿಲ್ಲು ಎತ್ತಲಿಲ್ಲ. ಅದು ಹೋದ ಮೇಲೆ, ನಿಂತಿದ್ದ ಮರದ ಬುಡಕ್ಕೆ ಯಂತ್ರ ಹಿಡಿದೆ. ಇಪ್ಪತ್ತೈದು. ಬಿಲ್ಲು ನನ್ನ ಕೈಯಲ್ಲಿದ್ದಿದ್ದರೆ ಬಾಣ ಎದೆಯ ಕೆಳಗೆ, ಕಾಲಿಗೋ ಹೊಟ್ಟೆಗೋ. ಮನೆಗೆ ಬಂದು ಮೊದಲು ಹೆಂಡತಿಗೆ ಹೇಳಿದ್ದು ಅದನ್ನೇ. "ಸರಿ, ಊಟಕ್ಕೆ ಬನ್ನಿ," ಎಂದಳು.

ಈ ವರ್ಷವೂ ಸೆಪ್ಟೆಂಬರಿಗೆ ಕರೆದಿದ್ದಾನೆ, ಪರೀಕ್ಷೆ ಮತ್ತೆ ಹತ್ತಕ್ಕೆ ಹತ್ತು. ನೀವು ಹೊರಡುವವರಾದರೆ ನನ್ನ ಮಾತು ಕೇಳಿ. ಬಿಲ್ಲನ್ನಾಗಲಿ ಬಾಣವನ್ನಾಗಲಿ ಅಗ್ಗವಾಗಿ ಸಿಕ್ಕಿತು ಎಂದು ಸಿಂಗಪುರಕ್ಕೆ ತರಬೇಡಿ. ಬಟ್ಟೆಯಲ್ಲಿ, ಬೂಟಿನಲ್ಲಿ, ಟಿಕೆಟ್ಟಿನಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಲೈಸೆನ್ಸಿನಲ್ಲಿ, ಗಜದಲ್ಲಿ ಬೇಡ. ಅಟ್ಟಣೆ ಹತ್ತಿದ ತಕ್ಷಣ, ಜಿಂಕೆ ಬರುವ ಮೊದಲೇ, ಸುತ್ತಲಿನ ನಾಲ್ಕು ಮರಗಳನ್ನು ಅಳೆದು ನೆನಪಿಡಿ, ಯಾಕೆಂದರೆ ಆಗ ನಿಮಗಿನ್ನೂ ಏನೂ ಬೇಕಾಗಿರುವುದಿಲ್ಲ. ಮನೆ ಕೊಳ್ಳುವಾಗಲೂ ಹಾಗೇ ಮಾಡಿ: ಇಷ್ಟವಾಗುವ ಮೊದಲೇ ಅಳೆಯಿರಿ. ಆಗಲೇ ಇಷ್ಟವಾಗಿಬಿಟ್ಟಿದ್ದರೆ, ಟೇಪನ್ನು ಹೆಂಡತಿಯ ಕೈಗೆ ಕೊಡಿ.